ಹಾಲೆ ಮರದ ಕೈ

ಟೀವಿ ರಿಪೇರಿ ಮಾಡುವವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಚಿತ್ರ ಬಂತಾ, ಅಲ್ಲಿಗೆ ಮುಗಿಯಿತು. ಧ್ವನಿ ಗೊರಗೊರ ಎನ್ನುತ್ತಿದ್ದರೂ "ಇರ್ಲಿ ಬುಡಣ್ಣ, ಕೇಳ್ತೈತಲ್ಲ" ಎಂದು ಎತ್ತಿಕೊಂಡು ಹೋಗುತ್ತಾರೆ. ಎರಡೇ ದಿನಕ್ಕೆ ಹೊತ್ತುಕೊಂಡು ವಾಪಸ್ ಬರುತ್ತಾರೆ. ಚಿತ್ರ ಕೆಟ್ಟರೂ ಮನುಷ್ಯ ಕೂತು ನೋಡುತ್ತಾನೆ, ಸದ್ದು ಕೆಟ್ಟರೆ ಎದ್ದು ಹೋಗುತ್ತಾನೆ ಎಂದು ನಾನು ಇಪ್ಪತ್ತು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ನಟರಾಜುವಿಗೂ ಅದನ್ನೇ ಹೇಳಿದೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು.

ನಟರಾಜು ನನ್ನ ಪಕ್ಕದ ಮಳಿಗೆಯವನು. ಚನ್ನಪಟ್ಟಣದ ಹೆದ್ದಾರಿಯಲ್ಲಿ ಬೊಂಬೆ ಅಂಗಡಿಗಳ ಸಾಲು ಮುಗಿಯುವ ಕಡೆ ನನ್ನ ಟೀವಿ ಅಂಗಡಿ, ಅದಕ್ಕೆ ಅಂಟಿಕೊಂಡು ಅವನ ವಿಡಿಯೋ ಸ್ಟುಡಿಯೋ. ಅವನ ಅಪ್ಪ ಮರಿಯಪ್ಪ ಕಣ್ವ ಕಡೆಯ ಹಳ್ಳಿಯಲ್ಲಿ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದವರು. ಹೊಲ ನಟರಾಜುವಿನ ತಮ್ಮನ ಕೈಗೆ ಹೋಯಿತು. ಇವನು ಹತ್ತನೇ ಕ್ಲಾಸು ಮುಗಿಸಿ, ಮದುವೆ ಮನೆಗಳಲ್ಲಿ ಇನ್ನೊಬ್ಬರ ಕ್ಯಾಮೆರಾದ ಹಿಂದೆ ಲೈಟು ಹಿಡಿದುಕೊಂಡು ಅಲೆದು, ಕೊನೆಗೆ ಭುಜದ ಮೇಲೆ ಕೂರಿಸಿಕೊಳ್ಳುವಂಥ ದೊಡ್ಡದೊಂದು ಕ್ಯಾಮೆರಾ ತಂದ. ಆಮೇಲೆ ಹದಿನೈದು ವರ್ಷ ಈ ಸೀಮೆಯ ಮದುವೆಗಳೆಲ್ಲ ಅವನ ಭುಜದ ಮೇಲೆಯೇ ನಡೆದವು. ರಾಮನಗರ, ಮಾಗಡಿ, ಕನಕಪುರ, ಯಾವ ಛತ್ರವಾದರೂ ಸರಿ, "ನಟರಾಜಣ್ಣ ಬಂದ್ರಾ?" ಎಂದು ಕೇಳದೆ ಪುರೋಹಿತರು ಕೂಡ ಹುಡುಗನ ಕೈಗೆ ತಾಳಿ ಕೊಡುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವನ ಬಲಗೈ ನಡುಗಲು ಶುರುವಾಯಿತು. ಇದು ನನಗೆ ಆಗ ಗೊತ್ತಿರಲಿಲ್ಲ, ಎಲ್ಲ ಮುಗಿದ ಮೇಲೆ ಅವನೇ ಹೇಳಿದ್ದು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅದಕ್ಕೊಂದು ಹೆಸರು ಕೊಟ್ಟುಬಿಡುತ್ತಾರೆ, ಹೆಸರು ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ಕೈ ನಡುಗುವ ಕ್ಯಾಮೆರಾದವನನ್ನು ಯಾರು ಕರೆಯುತ್ತಾರೆ? ಪುಣ್ಯಕ್ಕೆ ಆ ದೊಡ್ಡ ಕ್ಯಾಮೆರಾದ ಭಾರವೇ ಅವನನ್ನು ಕಾಪಾಡುತ್ತಿತ್ತು. ಏಳೆಂಟು ಕೇಜಿ ಭುಜದ ಮೇಲೆ ಕೂತರೆ ಕೈ ಎಷ್ಟು ಕುಣಿದರೂ ಚಿತ್ರ ಅಲ್ಲಾಡುತ್ತಿರಲಿಲ್ಲ.

ಅಷ್ಟರಲ್ಲಿ ಕಾಲವೇ ಬದಲಾಯಿತು. ಎಲ್ಲರಿಗೂ ಅಂಗೈಯಗಲದ ಡಿಜಿಟಲ್ ಕ್ಯಾಮೆರಾವೇ ಬೇಕು. ದೊಡ್ಡದನ್ನು ಕಂಡರೆ "ಏನಣ್ಣ, ಇನ್ನೂ ಕಲ್ಲುಗುಂಡು ಹೊತ್ಕೊಂಡು ತಿರುಗ್ತಿದ್ಯಾ" ಎಂದು ಮದುವೆ ಗಂಡುಗಳು ನಗುತ್ತಿದ್ದರು. ಇವನೂ ಚಿಕ್ಕದನ್ನು ಕೊಂಡ. ಅದು ಹಗುರ ಎಂದರೆ ಹಗುರ, ಕೈಯ ಸಣ್ಣ ಮಿಡಿತವನ್ನೂ ಬಿಡದೆ ಹಿಡಿಯುತ್ತಿತ್ತು. ಕನಕಪುರದ ಒಂದು ಮದುವೆಯ ಸೀಡಿ ಹಿಡಿದುಕೊಂಡು ಹೆಣ್ಣಿನ ತಂದೆ ಅಂಗಡಿಗೇ ಬಂದರು. ತಾಳಿ ಕಟ್ಟುವ ಹೊತ್ತಿನಲ್ಲಿ ಭೂಕಂಪ ಆದ ಹಾಗಿದೆ, ಮಗಳ ಕುತ್ತಿಗೆ ಎಲ್ಲಿ, ತಾಳಿ ಎಲ್ಲಿ ಎಂದು ತೋರಿಸು ನೋಡೋಣ ಎಂದು ಕೂಗಾಡಿದರು. ನಟರಾಜು ತಲೆ ತಗ್ಗಿಸಿ, "ಜನ ನೂಕ್ಬುಟ್ರು ಸ್ವಾಮಿ" ಎಂದ.

ಅವರು ಹೋದ ಮೇಲೆ ನಾನು ನಗುತ್ತಾ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಕಣ್ಲಾ" ಎಂದೆ. ಅವನೂ ನಕ್ಕ. ಅದೇ ಅವನ ಕೊನೆಯ ಮದುವೆ.

ಆ ದಿನಗಳ ಇನ್ನೊಂದು ನೆನಪು. ಅವನ ಹೆಂಡತಿ ರಾಧಾಮಣಿ ದಿನಾ ಹನ್ನೊಂದು ಗಂಟೆಗೆ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು. ನನಗೆ ಲೋಟದ ಕಂಠದವರೆಗೆ, ಗಂಡನಿಗೆ ಅರ್ಧ ಲೋಟ. "ಏನಮ್ಮ, ಪಕ್ಕದ ಅಂಗಡಿಯವನಿಗೆ ಪೂರ್ತಿ, ಕಟ್ಟಿಕೊಂಡವನಿಗೆ ಅರ್ಧ?" ಎಂದು ರೇಗಿಸಿದರೆ, "ಅವ್ರಿಗೆ ಪಿತ್ತ ಆಯ್ತದೆ ಅಶೋಕಣ್ಣ" ಎನ್ನುತ್ತಿದ್ದಳು. "ಪಿತ್ತವೂ ಇಲ್ಲ ಗಿತ್ತವೂ ಇಲ್ಲ, ಹಾಲು ಉಳಿಸ್ತಾವ್ಳೆ" ಎಂದು ನಟರಾಜು ಗೊಣಗುತ್ತಿದ್ದ.

ಎರಡು ಸಾವಿರದ ಆರರಲ್ಲಿ ಕೇಬಲ್ ನಂಜುಂಡಯ್ಯನವರು ಹೇಳಿ ಕಳಿಸಿದರು. ಅವರು ಈ ಭಾಗಕ್ಕೆಲ್ಲ ಕೇಬಲ್ ಎಳೆದಿದ್ದವರು, ಸಂಜೆ ಹೊತ್ತು ತಮ್ಮದೇ ಒಂದು ಸ್ಥಳೀಯ ಚಾನೆಲ್ ನಡೆಸುತ್ತಿದ್ದರು. ಬಿಡದಿಯಲ್ಲಿ ಫ್ಯಾಕ್ಟರಿಗಳ ಮೇಲೆ ಫ್ಯಾಕ್ಟರಿ ಎದ್ದು, ಎಲ್ಲೆಲ್ಲಿಂದಲೋ ಬಂದ ಜನ ಬಾಡಿಗೆ ಮನೆಗಳಲ್ಲಿ ತುಂಬಿಕೊಂಡಿದ್ದರು. ಭಾನುವಾರ ರಜೆ ಬಂದರೆ ಎಲ್ಲಿಗೆ ಹೋಗಬೇಕು ಎಂಬುದೇ ಅವರಿಗೆ ತಿಳಿಯದು. ಸುತ್ತಮುತ್ತಲ ಬೆಟ್ಟ, ಗುಡಿ, ಕೋಟೆ, ಕೆರೆಗಳಿಗೆ ಒಬ್ಬ ಮನುಷ್ಯ ನಡೆದುಕೊಂಡು ಹೋಗಿ, ದಾರಿಯುದ್ದಕ್ಕೂ ಮಾತಾಡುತ್ತಾ ತೋರಿಸಬೇಕು, ವಾರಕ್ಕೆ ಅರ್ಧ ಗಂಟೆ, ಇದು ನಂಜುಂಡಯ್ಯನವರ ಲೆಕ್ಕಾಚಾರ.

"ಕ್ಯಾಮೆರಾ ನಿಮ್ಮದೇ, ಮಾತೂ ನಿಮ್ಮದೇ. ಆದರೆ ಚಿತ್ರ ಕುಲುಕಾಡಬಾರದು ನಟರಾಜು. ಆ ಕನಕಪುರದ ಮದುವೆ ಸುದ್ದಿ ನನ್ನ ಕಿವಿಗೂ ಬಿತ್ತು. ಮೊದಲನೇದು ನೋಡ್ತೀನಿ, ಆಮೇಲೆ ಮುಂದಿನ ಮಾತು" ಎಂದರು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಕೆಲಸವಿಲ್ಲದೆ ಅವನು ನಾಲ್ಕು ತಿಂಗಳಿಂದ ಸ್ಟುಡಿಯೋ ಬಾಗಿಲು ತೆಗೆದು ಕೂತು, ಹೋಗಿ ಬರುವ ಬಸ್ಸುಗಳನ್ನು ಎಣಿಸುತ್ತಿದ್ದ. ಇದೂ ಕೈ ತಪ್ಪಿದರೆ ಕ್ಯಾಮೆರಾ ಕೆಳಗಿಡಬೇಕು. ಅದನ್ನು ಬಿಟ್ಟು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಇನ್ನೊಬ್ಬನನ್ನು ಜೊತೆಗೆ ಸೇರಿಸಿಕೊಳ್ಳೋಣವೆಂದರೆ ಕೈಯ ಗುಟ್ಟು ಬಯಲಾಗುತ್ತದೆ. ಅದಕ್ಕೆ ಒಂದು ಉಪಾಯ ಹೂಡಿದ: ಕ್ಯಾಮೆರಾವನ್ನು ತನ್ನ ಮುಖಕ್ಕೇ ತಿರುಗಿಸಿ ಹಿಡಿದುಕೊಂಡು ನಡೆಯುತ್ತಾ ಮಾತಾಡುವುದು. ಈಗ ಮೊಬೈಲ್ ಹಿಡಿದು ಊರೆಲ್ಲ ಅದನ್ನೇ ಮಾಡುತ್ತದೆ. ಆಗ ಅವನು ಹೆದ್ದಾರಿಯ ಬದಿಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ಬಸ್ಸಿನ ಕಿಟಕಿಗಳಿಂದ ಜನ ಇಣುಕಿ, ಪಾಪ, ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ನಾವಿಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಅಲುಗದಂತೆ ಹಿಡಿಯುವ ಒಂದು ಸಾಧನ ಬರುತ್ತದಂತೆ, ಅದರ ಹೆಸರು ಸ್ಟೆಬಿಲೈಸರ್, ಅದರ ಚಿತ್ರವನ್ನು ಅವನು ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ನೋಡಿದ್ದ. ನನಗೆ ಗೊತ್ತಿದ್ದ ಸ್ಟೆಬಿಲೈಸರ್ ಫ್ರಿಜ್ಜಿನ ಪಕ್ಕದಲ್ಲಿ ಗುಂಯ್‌ಗುಟ್ಟುವುದು ಒಂದೇ. ಅಂಗಡಿಯವನು ತೋರಿಸಿದ. ಒಂದು ಹಿಡಿ, ಹಿಡಿಯ ನೆತ್ತಿಯಲ್ಲಿ ಎಲ್ಲ ಕಡೆಗೂ ತಿರುಗುವ ಗೆಣ್ಣು, ಗೆಣ್ಣಿನ ಮೇಲೆ ಕ್ಯಾಮೆರಾ, ಕೆಳಗೆ ಬಾಗಿದ ಕಂಬಿಯ ತುದಿಯಲ್ಲಿ ತೂಕದ ಬಿಲ್ಲೆಗಳು. ಕೈ ಅಲುಗಿದರೂ ಅದು ಗೆಣ್ಣಿನಲ್ಲೇ ಸತ್ತುಹೋಗುತ್ತದೆ, ಮೇಲಿನ ಕ್ಯಾಮೆರಾ ನೆಟ್ಟಗೆ ನಿಲ್ಲುತ್ತದೆ.

ನಟರಾಜು ಎತ್ತಿ ನೋಡಿದ. ಒಂದು ನಿಮಿಷವಾಗುವುದರೊಳಗೆ ಅವನ ಹಣೆಯಲ್ಲಿ ಬೆವರೊಡೆಯಿತು. ಕೆಳಗಿಟ್ಟು, "ಇದಕ್ಕಿಂತ ಹಗುರದ್ದು ಕೊಡಿ" ಎಂದ.

"ಹಗುರ ಆದಷ್ಟೂ ನಿಲ್ಲಲ್ಲ ಸಾರ್. ಭಾರನೇ ಅದರ ಗುಣ" ಎಂದ ಅಂಗಡಿಯವನು.

"ನೋಡ್ರೀ, ಯಾವುದಾದ್ರೂ ಇರ್ತದೆ. ನಮಗೆ ಬೆಟ್ಟ ಹತ್ತಬೇಕು."

ಮತ್ತೆರಡು ತೋರಿಸಿದ. ಹಗುರವಾಗಿದ್ದದ್ದು ಗಾಳಿಪಟದ ಹಾಗೆ ಓಲಾಡಿತು, ನಿಲ್ಲುತ್ತಿದ್ದದ್ದು ಇವನ ಕೈಗೆ ಆಗಲಿಲ್ಲ. ನನಗೆ ತಾಳ್ಮೆ ಕೆಟ್ಟಿತು. "ಲೇ ನಟರಾಜು, ಅದನ್ನ ಬುಡು. ಚಿತ್ರ ಒಸಿ ಅಲ್ಲಾಡಿದ್ರೆ ಯಾರೂ ಸಾಯಕಿಲ್ಲ. ಬೆಟ್ಟದ ಮೇಲೆ ಗಾಳಿ ಹೊಡೀತದೆ, ಕ್ಯಾಮೆರಾದ ಮೈಕ್‌ನಾಗೆ ಬರೀ ಬುಸ್‌ಬುಸ್ ಅಂತ ಬತ್ತದೆ. ಕಾಲರ್ ಮೈಕ್ ತಗೋ" ಎಂದು ಒತ್ತಾಯ ಮಾಡಿ, ಅಂಗಿಗೆ ಸಿಕ್ಕಿಸಿಕೊಳ್ಳುವ ಕಡಲೆಕಾಳಿನಷ್ಟು ದೊಡ್ಡ ಮೈಕ್ ಕೊಡಿಸಿದೆ. ಉದ್ದನೆ ವೈರು, ತುದಿಯಲ್ಲಿ ಸಣ್ಣ ಪಿನ್ನು. ಪಿನ್ನನ್ನು ಕ್ಯಾಮೆರಾದ ಪಕ್ಕದ ತೂತಿಗೆ ಹಾಕಿದರೆ ಆಯಿತು. ಅವನು ಪಿನ್ನನ್ನೂ ತೂತನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಪ್ಯಾಕೆಟ್ಟನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಂಡ.

ವಾಪಸ್ ಬಂದ ಮಾರನೆಯ ದಿನವೇ ಅವನು ತಾಜ್ ಪಾಷಾನ ಹತ್ತಿರ ಹೋದ. ತಾಜ್ ಪಾಷಾ ಬೊಂಬೆ ಕಡೆಯುವವನು. ಕೂಸುಗಳ ಗಿಲಕಿ ಮಾಡುವುದರಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿಲ್ಲ. ಬೊಂಬೆ ಕಡೆಯುವ ಹಾಲೆ ಮರ ಹಗುರ, ನುಣುಪು, ಬಿಳಿ. ನಟರಾಜು ಕಾಗದದ ಮೇಲೆ ಗೀಟು ಹಾಕಿ ತೋರಿಸಿದ್ದೇ ತಡ, ತಾಜ್ ಪಾಷಾ ನಕ್ಕು, "ಇದೇನ್ ಅಣ್ಣ, ತಳ್ಳಿದ್ರೂ ಬೀಳದ ಬೊಂಬೆ ಇದ್ದಂಗೈತೆ. ಬುಡದಾಗೆ ತೂಕ ಇದ್ರೆ ತಲೆ ನಿಂತೇ ನಿಲ್ತದೆ" ಎಂದ.

ನಾಲ್ಕು ದಿನ ಕೂತು ಕಡೆದ. ಹಿಡಿಗೆ ಕೆಂಪು ಅರಗು, ಕಂಬಕ್ಕೆ ಹಳದಿ. ಗೆಣ್ಣೂ ಮರದ್ದೇ, ಒಂದು ಮೊಳೆಯಿಲ್ಲ. ಮಕ್ಕಳ ಕೈಗೆ ಹೋಗುವ ಸಾಮಾನಿಗೆ ಮೊಳೆ ಹೊಡೆಯುವುದಿಲ್ಲ ಎಂಬುದು ಅವನ ಅಪ್ಪನ ಕಾಲದ ನೇಮ, ದೊಡ್ಡವರ ಸಾಮಾನಿಗೂ ಅವನು ಅದನ್ನು ಬಿಡಲಿಲ್ಲ. ತೂಕಕ್ಕೆ ತೆಂಗಿನಕಾಯಿಯ ಗಾತ್ರದ ಪೊಳ್ಳು ಗುಂಡು. ಅದರೊಳಗೆ ಬಿಡದಿ ಕಡೆಯ ಗುಜರಿಯಿಂದ ತಂದ ಬೇರಿಂಗ್ ಗುಂಡುಗಳು. ಇಷ್ಟೇ ಗುಂಡು ಎಂದು ನಟರಾಜು ತನ್ನ ಕೈ ತಡೆಯುವಷ್ಟು ಹಾಕಿಸಿದ. ಗುಂಡುಗಳು ಅಲುಗದಂತೆ ಸಂದಿಗೆಲ್ಲ ಮರದ ಪುಡಿ ಗಿಡಿದು, ಬಾಯಿಗೆ ಬಿರಡೆ ಜಡಿದು, ಮೇಲೆ ಅರಗು ಹಚ್ಚಿ ಮುಚ್ಚಿದ. ಗಿಲಕಿಯ ಬಾಯಿ ಮುಚ್ಚುವುದೂ ಹಾಗೆಯೇ. ಒಮ್ಮೆ ಮುಚ್ಚಿದರೆ ಮತ್ತೆ ಬಿಚ್ಚಲು ಬರುವುದಿಲ್ಲ.

ಕ್ಯಾಮೆರಾ ಕೂರಿಸಿ ನಟರಾಜು ನಮ್ಮ ಅಂಗಡಿ ಮುಂದೆ ಹತ್ತು ಹೆಜ್ಜೆ ನಡೆದ. ನನ್ನ ಟೀವಿಗೆ ಹಾಕಿ ನೋಡಿದೆವು. ಚಿತ್ರ ನಿಂತಿತ್ತು! ಹೆದ್ದಾರಿ, ಬೊಂಬೆ ಅಂಗಡಿ, ಅವನ ಮುಖ, ಎಲ್ಲವೂ ನೀರಿನ ಮೇಲೆ ತೇಲಿದ ಹಾಗೆ ಬಂದಿತ್ತು. ಅವನ ಕಣ್ಣಲ್ಲಿ ನೀರು ಬಂತು. ಒಂದು ಮರದ ತುಂಡಿಗೆ ಅಳುವುದೇ ಎಂದು ನಾನು ಅದಕ್ಕೂ ರೇಗಿಸಿದೆ. ಅವನು ಕಣ್ಣೊರೆಸಿಕೊಂಡು, "ನಿನಗೆ ಗೊತ್ತಾಗಕಿಲ್ಲ ಬುಡು" ಎಂದ.

ಮೊದಲ ಜಾಗ ಸಾತನೂರು ಕಡೆಯ ಕಬ್ಬಾಳು, ದೇವಿಯ ಬೆಟ್ಟ. ಅದನ್ನು ಆರಿಸಿದ್ದು ಅವನೇ. ಅರ್ಧ ಗಂಟೆ, ಬರೀ ಅರ್ಧ ಗಂಟೆ ಕೈ ನಿಲ್ಲಿಸು ತಾಯಿ ಎಂದು ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದನಂತೆ. ಅದಕ್ಕೂ ಮೊದಲು ಒಂದು ವಾರ ದಿನವೂ ಬಿಸಿಲಲ್ಲಿ ಆ ಮರದ ಕೈ ಹಿಡಿದು ನಡೆದು ಅಭ್ಯಾಸ ಮಾಡಿದ, ಮಿಕ್ಕ ಹೊತ್ತು ಅದನ್ನು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದ. ತಾಜ್ ಪಾಷಾ ಗಿಡಿದಿದ್ದ ಪುಡಿ ಆಗ ತಾನೇ ಕಡೆದ ಮರದ್ದು, ಇನ್ನೂ ಒಳಹಸಿ ಇದ್ದದ್ದು. ಗಿಲಕಿಗೆ ಪುಡಿ ಹಾಕುವ ಪದ್ಧತಿಯೇ ಇಲ್ಲ, ಆದ್ದರಿಂದ ಪುಡಿಯನ್ನು ಒಣಗಿಸಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಆ ವಾರದ ಬಿಸಿಲಿಗೆ ಗುಂಡಿನೊಳಗಿನ ಪುಡಿ ಒಣಗಿ ಕುಗ್ಗುತ್ತಾ ಬಂತು.

ಮಂಗಳವಾರ ಬೆಳಿಗ್ಗೆ ಸಾತನೂರು ಬಸ್ಸು ಹತ್ತಿ ಒಬ್ಬನೇ ಹೋದ. ನಾನು ಬರುತ್ತೇನೆ ಎಂದರೆ ಬೇಡವೆಂದ. ಗುಡಿಯ ಮುಂದೆ ತಮಟೆ, ಉರುಮೆ, ಜನವೋ ಜನ. ಅಲ್ಲಿಂದ ಬೆಟ್ಟದ ಬಂಡೆ ಹತ್ತುತ್ತಾ ಮಾತಾಡಿದ. ಗಾಳಿ ಕಿವಿಯನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತಂತೆ. ಸಂಜೆ ಬಂದು ಇಳಿದಾಗ ಮುಖ ಸುಟ್ಟು ಕಪ್ಪಾಗಿತ್ತು, ಆದರೆ ಎಷ್ಟೋ ತಿಂಗಳ ಮೇಲೆ ಅವನು ನೆಟ್ಟಗೆ ನಿಂತದ್ದನ್ನು ನಾನು ನೋಡಿದೆ.

"ನಿಲ್ತು ಕಣ್ಲಾ! ಮೂವತ್ತು ನಿಮಿಷವೂ ನಿಲ್ತು" ಎಂದ.

"ಮೈಕ್ ಹಾಕ್ಕಂಡಿದ್ಯಾ?"

"ಹೂಂ, ಹೂಂ" ಎಂದು ಸ್ಟುಡಿಯೋ ಒಳಗೆ ಹೋದ.

ಶನಿವಾರ ಮಧ್ಯಾಹ್ನ ನಂಜುಂಡಯ್ಯನವರ ಆಫೀಸು. ನಟರಾಜು ನನ್ನನ್ನೂ ಕರೆದುಕೊಂಡು ಹೋಗಿದ್ದ. ಟೇಪನ್ನು ಅವನು ಕ್ಯಾಮೆರಾದ ಪುಟ್ಟ ಪರದೆಯಲ್ಲಷ್ಟೇ ನೋಡಿದ್ದ. ನಂಜುಂಡಯ್ಯನವರ ತಂಗಿಯ ಮಗ ಚೈತನ್ಯ ಮಿಷನ್ನಿಗೆ ಟೇಪು ಹಾಕಿದ. ಕಬ್ಬಾಳಿನ ಗೋಪುರ ಬಂತು, ಜನ ಬಂದರು, ನಟರಾಜುವಿನ ಮುಖ ಬಂತು. ಒಂದು ಎಳೆಯಷ್ಟೂ ಅಲುಗಲಿಲ್ಲ. ನಂಜುಂಡಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಪರವಾಗಿಲ್ಲವಲ್ರೀ, ದೊಡ್ಡ ಚಾನೆಲ್‌ನವರ ಹಾಗೆ ಮಾಡಿದ್ದೀರಿ" ಎಂದು, ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಿಸಿದರು. ಮರ್ಯಾದೆಗೆ ಲೋಟ ಬೇಡವೆಂದು ಕಪ್ಪು, ಸಾಸರು. ತುಂಬಿದ ಕಪ್ಪು.

ತಮಟೆಯ ಸದ್ದು ಹಿಂದೆ ಉಳಿದು, ನಟರಾಜು ಬಂಡೆಯ ಮರೆಗೆ ಬಂದ ಮೇಲೆ ಟೀವಿಯಲ್ಲಿ ಇನ್ನೊಂದು ಸದ್ದು ಶುರುವಾಯಿತು. ಗಿಲಿಗಿಲಿ, ಗಿಲಿಗಿಲಿ, ಗಿಲಿಗಿಲಿ. ಅವನ ಮಾತಿನ ಕೆಳಗೆ ಬಿಡದೆ ಬರುತ್ತಿತ್ತು. ತೊಟ್ಟಿಲ ಕೂಸಿನ ಮುಂದೆ ಯಾರೋ ಗಿಲಕಿ ಆಡಿಸಿದ ಹಾಗೆ. ನನಗೆ ತಕ್ಷಣ ತಿಳಿಯಿತು, ಇದು ಕಾಲರ್ ಮೈಕಿನ ಧ್ವನಿಯಲ್ಲ. ಕ್ಯಾಮೆರಾದ ಮೈಕ್ ತನ್ನ ಕೆಳಗಿನ ಮರದ ಗುಂಡಿನೊಳಗೆ ಸಡಿಲಾದ ಬೇರಿಂಗುಗಳ ಸದ್ದನ್ನೆಲ್ಲ ಹಿಡಿದಿದೆ. ಹೇಳಿದ ಮಾತು ಕೇಳದ ಮುಂಡೇಗಂಡ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

"ಏನ್ರೀ ಅದು ಸದ್ದು?" ನಂಜುಂಡಯ್ಯನವರು ಕೇಳಿದರು.

"ಮಾವ, ನಮ್ಮ ಮಿಷನ್‌ದೇ ಇರ್ಬೇಕು, ತಾಳಿ" ಎಂದು ಚೈತನ್ಯ ಟೀವಿಯ ಧ್ವನಿಯನ್ನು ಪೂರ್ತಿ ಇಳಿಸಿಬಿಟ್ಟ.

ಟೀವಿ ಮೂಕವಾಯಿತು. ಸದ್ದು ನಿಲ್ಲಲಿಲ್ಲ.

ಟಿಣಿಟಿಣಿ, ಟಿಣಿಟಿಣಿ, ಟಿಣಿಟಿಣಿ. ಅದೇ ತಾಳ, ಅದೇ ಬಿರುಸು. ನಾವು ಮೂವರೂ ತಿರುಗಿ ನೋಡಿದೆವು. ನಟರಾಜುವಿನ ಬಲಗೈಯಲ್ಲಿ ಸಾಸರು, ಸಾಸರಿನ ಮೇಲೆ ಕುಣಿಯುತ್ತಿರುವ ಕಪ್ಪು, ಸಾಸರಿನಲ್ಲಿ ತುಳುಕಿದ ಕಾಫಿ. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದ. ಸದ್ದು ಇನ್ನೂ ಹೆಚ್ಚಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಯಾರೂ ಏನೂ ಕೇಳಬೇಕಾಗಿರಲಿಲ್ಲ.

"ಮಿಷನ್‌ದಲ್ಲ ಸಾರ್, ನನ್ನ ಕೈದು. ಎರಡು ವರ್ಷ ಆಯ್ತು" ಎಂದ ನಟರಾಜು.

ನಂಜುಂಡಯ್ಯನವರು ಕೆಟ್ಟ ಮನುಷ್ಯರಲ್ಲ. ಎದ್ದು ಬಂದು ಅವನ ಕೈಯಿಂದ ಕಪ್ಪನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು. ಭುಜದ ಮೇಲೆ ಕೈಯಿಟ್ಟು, "ಮೊದ್ಲು ಒಳ್ಳೆ ಡಾಕ್ಟ್ರಿಗೆ ತೋರಿಸ್ಕೊಳ್ಳಿ ನಟರಾಜು. ವಾರವಾರವೂ ಆಗೋ ಕೆಲಸ ಇದು. ಸದ್ಯಕ್ಕೆ ಚೈತನ್ಯ ನೋಡ್ಕೊಳ್ಳಿ" ಎಂದರು. ಬೈದಿದ್ದರೆ ಎದುರು ವಾದ ಮಾಡಬಹುದಿತ್ತು. ಅಷ್ಟು ಮೆತ್ತಗೆ ಹೇಳಿದ ಮೇಲೆ ಏನು ಹೇಳುವುದು? ನಟರಾಜು ಕೈ ಮುಗಿದ. ಮುಗಿದ ಕೈಯೂ ನಡುಗುತ್ತಿತ್ತು.

ಹೊರಗೆ ಸ್ಕೂಟರಿನ ಹತ್ತಿರ ಬಂದ ಕೂಡಲೇ ನಾನು ಅವನ ಮೇಲೆ ಹಾರಿಬಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. "ಮೈಕ್ ಹಾಕ್ಕಂಡಿದ್ರೆ ಈ ಸದ್ದು ಬತ್ತಿತ್ತೇನ್ಲಾ? ಬಡ್ಕೊಂಡೆನಲ್ಲೋ! ಎಲ್ಲಿ ಆ ಮೈಕು?" ಎಂದು ಕೂಗಿದೆ. ಅವನು ಚೀಲವನ್ನೇ ನನ್ನ ಕೈಗಿತ್ತು, ಚರಂಡಿಯ ಕಡೆ ಮುಖ ಮಾಡಿ ನಿಂತ.

ಚೀಲದಲ್ಲಿ ಮೈಕು ಇತ್ತು. ಪ್ಯಾಕೆಟ್ ಒಡೆದಿತ್ತು. ಕ್ಯಾಮೆರಾ ಹೊರಗೆ ತೆಗೆದೆ. ನನ್ನದು ರಿಪೇರಿಯವನ ಕಣ್ಣು, ಮೊದಲು ನೋಡುವುದೇ ತೂತುಗಳನ್ನು. ಮೈಕಿನ ಪಿನ್ನು ಹೋಗುವ ತೂತಿನ ಸುತ್ತಲೂ ಕಪ್ಪು ಬಣ್ಣ ಎದ್ದುಹೋಗಿತ್ತು. ಗೀರು, ಗೀರಿನ ಮೇಲೆ ಗೀರು, ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ. ಪಿನ್ನಿನ ತುದಿ ಒಸಿ ಸೊಟ್ಟಗಾಗಿತ್ತು. ಅಷ್ಟು ಜನರ ನಡುವೆ, ಕಬ್ಬಾಳಮ್ಮನ ಎದುರಿಗೆ ನಿಂತು ಅವನು ಎಷ್ಟು ಸಲ ಪ್ರಯತ್ನಿಸಿದ್ದನೋ! ಪಕ್ಕದಲ್ಲಿದ್ದ ಯಾರಿಗಾದರೂ ಒಸಿ ಹಾಕಿಕೊಡಿ ಎಂದಿದ್ದರೆ ಹಾಕಿಕೊಡುತ್ತಿದ್ದರು. ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಎರಡು ವರ್ಷ ಪಕ್ಕದ ಮಳಿಗೆಯಲ್ಲಿ ಕೂತು, ನೂರು ಟೀವಿಗಳ ರೋಗ ಕಂಡುಹಿಡಿದೆ. ಇವನದು ಕಾಣಲಿಲ್ಲ. ಕಂಡದ್ದಕ್ಕೆಲ್ಲ ಗಾದೆ ಹೇಳಿ ನಕ್ಕಿದ್ದೆ.

"ಸ್ಕೂಟರ್ ಹತ್ತು, ಮನೆಗೆ ಹೋಗಣ" ಎಂದೆ.

ರಾಧಾಮಣಿ ಬಾಗಿಲಲ್ಲೇ ಕಾಯುತ್ತಿದ್ದಳು. ನಮ್ಮ ಮುಖ ನೋಡಿ ಒಳಗೆ ಹೋಗಿ ಕಾಫಿ ಬೆರೆಸಿ ತಂದಳು. ನನ್ನ ಲೋಟ ಪೂರ್ತಿ, ಅವನದು ಅರ್ಧ. ನಟರಾಜು ಆ ಅರ್ಧ ಲೋಟವನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ, ಮತ್ತೆ ಲೋಟವನ್ನು ನೋಡಿದ.

"ನಿಂಗೆ ಯಾವಾಗಿಂದ ಗೊತ್ತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕೆಂಗಲ್ ಹನುಮಂತರಾಯನ ಗುಡೀಲಿ ತೀರ್ಥ ತಗೊಂಡ್ರಲ್ಲ, ಆವತ್ತಿಂದ. ತೀರ್ಥ ನಿಮ್ಮ ಅಂಗೈಲಿ ನಿಲ್ನಿಲ್ಲ."

"ಎರಡು ವರ್ಷ ಆಯ್ತಲ್ಲೇ. ಯಾಕೆ ಹೇಳ್ನಿಲ್ಲ?"

"ನೀವು ಮುಚ್ಚಿಡ್ತಿದ್ರಿ. ಚೆಲ್ಲದಂಗೆ ನಾನೂ ನೋಡ್ಕಂಡೆ."

ಅವನು ಗೋಡೆಗೆ ಒರಗಿ ಕೂತ. ಸಾಯಲಿ ಎಂದು ಬಿಟ್ಟುಕೊಟ್ಟವನ ಹಾಗೆ ಬಲಗೈಯನ್ನು ತೊಡೆಯ ಮೇಲೆ ಹಾಕಿಕೊಂಡ. ಅದು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು, ಅದನ್ನು ಅವನು ಅದುಮಿ ಹಿಡಿಯಲು ಹೋಗಲಿಲ್ಲ. ಕೆಲಸ ಹೋಯಿತು ಎಂದ. ನಾಳೆಯಿಂದ ಸ್ಟುಡಿಯೋ ಬಾಗಿಲು ತೆಗೆಯುವುದು ಯಾತಕ್ಕೆ ಎಂದ.

ಆಮೇಲೆ ಆ ಅರ್ಧ ಲೋಟವನ್ನು ಮುಂದಕ್ಕೆ ಚಾಚಿದ. "ತುಂಬ ಹಾಕು."

"ಬ್ಯಾಡ ಕಣ್ರೀ..."

"ಹಾಕೇ. ಅಶೋಕಂಗೆ ಹಾಕ್ದಂಗೆ ಹಾಕು."

ಅವಳು ಕಂಠದವರೆಗೆ ತುಂಬಿದಳು. ಅವನು ನಮ್ಮಿಬ್ಬರ ಎದುರಿಗೇ ಆ ಲೋಟವನ್ನು ಬಲಗೈಯಲ್ಲಿ ಎತ್ತಿದ. ಬಿಸಿ ಕಾಫಿ ಬೆರಳ ಮೇಲೆ ಹರಿಯಿತು, ಅಂಗಿಯ ಮೇಲೆ ಹರಿಯಿತು, ನೆಲಕ್ಕೆ ಚೆಲ್ಲಿತು. ಅವಳು ಬಟ್ಟೆ ತರಲು ಏಳಲಿಲ್ಲ, ನಾನು ಮುಖ ತಿರುಗಿಸಲಿಲ್ಲ. ಬಾಯಿ ಮುಟ್ಟುವ ಹೊತ್ತಿಗೆ ಲೋಟದಲ್ಲಿ ಉಳಿದಿದ್ದದ್ದು ಅರ್ಧ. ಅದನ್ನು ಅವನು ಕೊನೆಯ ಗುಟುಕಿನವರೆಗೂ ಕುಡಿದು, "ಸಕ್ಕರೆ ಕಮ್ಮಿ ಆಯ್ತು" ಎಂದ.